ಮೂರು ಪಾಳಿಯ ಮಂಚ

ನಮ್ಮ ಅಡುಗೆಮನೆಗೂ ಹಿಂದಿನ ಮರಗೆಲಸದ ಶೆಡ್ಡಿಗೂ ನಡುವೆ ಇರುವುದು ಒಂದೇ ಗೋಡೆ. ಹುಣಸೂರಿನ ನಮ್ಮ ಬೀದಿಯಲ್ಲಿ ಬಹುತೇಕ ಮನೆಗಳು ಹೀಗೆಯೇ, ಮುಂದೆ ಸಂಸಾರ, ಹಿಂದೆ ಮರದ ಹೊಟ್ಟು. ನನ್ನ ಗಂಡ ಬಡಗಿ, ಮಾವನೂ ಬಡಗಿ. ಈ ಮನೆಯಲ್ಲಿ ಉಳಿ ಹಿಡಿಯದವಳು ನಾನೊಬ್ಬಳೇ. ಪಿರಿಯಾಪಟ್ಟಣದ ಕಾಲೇಜೊಂದರಲ್ಲಿ ಪಿಯುಸಿ ಮಕ್ಕಳಿಗೆ ಅರ್ಥಶಾಸ್ತ್ರ ಹೇಳಿಕೊಡುತ್ತೇನೆ, ಅತಿಥಿ ಉಪನ್ಯಾಸಕಿಯಾಗಿ. ಮೊದಲ ದಿನ ಮಾವ, "ಅತಿಥಿ ಅಂದ್ರೆ ಅವ್ರೇ ಊಟ ಆಕ್ತಾರಾ?" ಎಂದು ಕೇಳಿದ್ದರು. ಮನೆಯಲ್ಲಿ ನಾವು ಆಡುವುದು ಉರ್ದು, ಆದರೆ ಅದು ಹುಣಸೂರಿನ ಉರ್ದು, ಅರ್ಧಕ್ಕರ್ಧ ಕನ್ನಡ. ಇಲ್ಲಿ ಎಲ್ಲವನ್ನೂ ಕನ್ನಡದಲ್ಲೇ ಬರೆಯುತ್ತಿದ್ದೇನೆ.

ಕಟಿಂಗ್ ಮಷಿನ್ ಬಂದ ಮೇಲೆ ನನಗೊಂದು ಕೆಟ್ಟ ಚಟ ಹತ್ತಿತು. ಈರುಳ್ಳಿ ಹೆಚ್ಚುತ್ತಿರಲಿ, ಉತ್ತರಪತ್ರಿಕೆ ತಿದ್ದುತ್ತಿರಲಿ, ಒಂದು ಕಿವಿ ಗೋಡೆಯ ಆಚೆಗೇ ಇರುತ್ತಿತ್ತು. ಹಲಗೆ ಗರಗಸದ ಹಲ್ಲಿಗೆ ಸಿಕ್ಕಾಗ ಮಷಿನ್ನಿನ ದನಿ ದಪ್ಪವಾಗುತ್ತದೆ, ಹಲಗೆ ಆಚೆ ಬಂದಾಗ ಕೀಚಲಾಗುತ್ತದೆ. ದಪ್ಪ, ಕೀಚಲು, ದಪ್ಪ, ಕೀಚಲು. ಅದೇ ಲಯದಲ್ಲಿ ಹೋಗುತ್ತಿದ್ದರೆ ನನ್ನ ಉಸಿರೂ ಸರಿಯಾಗಿ ಆಡುತ್ತಿತ್ತು. ಒಂದಿಷ್ಟು ತಪ್ಪಿದರೆ ಚಾಕು ಕೆಳಗಿಟ್ಟು ಎದ್ದು ನಿಲ್ಲುತ್ತಿದ್ದೆ. ಹುಟ್ಟಾ ಚಿಂತೆಗಾತಿ ಎಂದು ನನ್ನನ್ನು ತವರಿನಲ್ಲೂ ಆಡಿಕೊಳ್ಳುತ್ತಿದ್ದರು, ಆದರೆ ಈ ಚಿಂತೆಗೆ ಕಾರಣವಿತ್ತು.

ನಾನು ಬೆಳೆದದ್ದೂ ಇದೇ ಊರಿನ ಮರದ ಮಂಡಿಗಳ ಪಕ್ಕದಲ್ಲಿ. ನಮ್ಮಲ್ಲಿ ಗಂಡು ನೋಡಲು ಹೋದ ಹಿರಿಯರು ಸಲಾಂ ಹೇಳಿ, ಎರಡೂ ಕೈಗಳಿಂದ ಹುಡುಗನ ಎರಡೂ ಕೈ ಹಿಡಿದುಕೊಳ್ಳುತ್ತಾರೆ. ಅದು ಮರ್ಯಾದೆ ಹೌದು. ಹುಡುಗ ಮರದ ಕೆಲಸದವನಾದರೆ ತಪಾಸಣೆಯೂ ಹೌದು. ಹಾಲ್ ಕೈಸಾ ಹೈ ಎಂದು ಕ್ಷೇಮ ವಿಚಾರಿಸುವ ನೆಪದಲ್ಲಿ ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡುತ್ತಾರೆ. ನನ್ನ ಅಬ್ಬಾ ಈ ಮನೆಗೆ ಬಂದು ಹೋದ ದಿನ ಅಮ್ಮ ಹುಡುಗನ ಬಣ್ಣ ಕೇಳಿದರು, ಎತ್ತರ ಕೇಳಿದರು. ಅಬ್ಬಾ ಚಪ್ಪಲಿ ಬಿಡುತ್ತಾ, "ಹತ್ತೂ ಅವೆ," ಎಂದಷ್ಟೇ ಹೇಳಿದರು. ನಿಕಾಹ್ ಗಟ್ಟಿಯಾಯಿತು.

ಮಷಿನ್ ಬರುವ ಮುಂಚೆ ನಮ್ಮ ಶೆಡ್ಡಿನಲ್ಲಿ ತಿಂಗಳಿಗೆ ಒಂದೋ ಎರಡೋ ಮಂಚ ಆಗುತ್ತಿದ್ದವು. ಹೆಚ್ಚಿನವು ಮದುವೆ ಮಂಚಗಳು. ಒಂದು ಮಂಚ ಹಿಡಿದರೆ ಮರ ಆರಿಸುವುದರಿಂದ ಹಿಡಿದು ಪಾಲಿಶ್ ತನಕ ಒಬ್ಬರದೇ ಕೈ. ಆಮೇಲೆ ಅದನ್ನು ಬಿಚ್ಚಿ, ಗೂಡ್ಸ್ ಆಟೋಗೆ ಹಾಕಿಕೊಂಡು, ಮಾಡಿದವರೇ ಮದುವೆ ಮನೆಗೆ ಹೋಗಿ ಜೋಡಿಸಿಕೊಟ್ಟು ಬರಬೇಕು. ಇದು ಮಾವನ ಕಾಲದಿಂದಲೂ ಬಂದ ಪದ್ಧತಿ. ಮದುವೆಯಾದ ಹೊಸತರಲ್ಲಿ ನಾನೂ ಒಮ್ಮೆ ಗಂಡನ ಜೊತೆ ಚುಂಚನಕಟ್ಟೆಗೆ ಹೋಗಿದ್ದೆ. ಭತ್ತದ ಗದ್ದೆ ಇದ್ದ ಮನೆ. ಮಂಚ ಜೋಡಿಸಿ ಆದ ಮೇಲೆ ಆ ಮನೆಯ ಅಜ್ಜಿ ಅದರ ಮೇಲೆ ಕೂತು, ಎಡಕ್ಕೂ ಬಲಕ್ಕೂ ವಾಲಿ, ಒಂದು ಸದ್ದೂ ಬರಲಿಲ್ಲವೆಂದು ಖಾತ್ರಿ ಮಾಡಿಕೊಂಡಳು. ನಾವು ಹೊರಡಲು ಎದ್ದರೆ ಬಾಗಿಲಿಗೆ ಅಡ್ಡ ನಿಂತಳು. "ಮಂಚ ಕಟ್ದೋರು ಅಸ್ಕೊಂಡು ಓದ್ರೆ ಅದ್ರ ಮ್ಯಾಲೆ ಯಾರ್ಗಾದ್ರೂ ನಿದ್ದೆ ಬತ್ತದಾ? ಕೂತ್ಕಳಿ ಸಾಬ್ರೇ. ಬಾಯಮ್ಮ, ನೀನೂ ಕೂತ್ಕೊ ತಾಯಿ." ಹೊಸ ಅಕ್ಕಿಯ ಅನ್ನ, ಅವರೆಕಾಳಿನ ಸಾರು, ಗಟ್ಟಿ ಮೊಸರು.

ಆ ಊಟ ರಾಷ್ಟ್ರೀಯ ಆದಾಯದಲ್ಲಿ ಎಲ್ಲೂ ಸೇರುವುದಿಲ್ಲ. ಮಂಚವೂ ಸೇರಿದ್ದು ಒಂದೇ ಸಲ, ಮಾರಾಟವಾದ ವರ್ಷ. ಆಮೇಲಿನಿಂದ ಅದು ಸುಮ್ಮನೆ ಜನರನ್ನು ಮಲಗಿಸುತ್ತಿದೆ. ಅಂಥ ಮಂಚದಿಂದ ದೇಶಕ್ಕೇನು ಬಂತು? ಎರಡು ವರ್ಷಕ್ಕೊಂದು ಮುರಿದು, ಜನ ಮತ್ತೆ ಮತ್ತೆ ಕೊಳ್ಳುವಂತಾದರೆ ಅದು ಬೆಳವಣಿಗೆ. ಇದನ್ನು ತರಗತಿಯಲ್ಲಿ ಹೇಳಿದರೆ ಮಕ್ಕಳು ನಗುತ್ತಾರೆ, ಪರೀಕ್ಷೆಯಲ್ಲಿ ಬರೆದರೆ ಅಂಕ ಬರುವುದಿಲ್ಲ. ನಾನೇ ಅಂಕ ಕೊಡುವಂತಿಲ್ಲ.

ನನ್ನ ಗಂಡನ ತಲೆಗೆ ಹುಳ ಬಿಟ್ಟದ್ದು ಒಂದು ತರಬೇತಿ ಶಿಬಿರ. ಸಣ್ಣ ಉದ್ದಿಮೆ ನಡೆಸುವವರನ್ನೆಲ್ಲ ಒಂದು ಕಲ್ಯಾಣ ಮಂಟಪದಲ್ಲಿ ಕೂರಿಸಿ, ಕೋಟು ಹಾಕಿದ ಒಬ್ಬರು ಪರದೆಯ ಮೇಲೆ ಚಿತ್ರ ತೋರಿಸುತ್ತಾ ಉತ್ಪಾದಕತೆಯ ಬಗ್ಗೆ ಹೇಳಿದರಂತೆ. "ನಿಮ್ಮಲ್ಲಿ ಒಬ್ಬ ಮನುಷ್ಯ ಒಂದು ಗಂಟೆಯಲ್ಲಿ ಎಷ್ಟು ಉತ್ಪಾದಿಸುತ್ತಾನೆ?" ಎಂದು ಕೇಳಿದಾಗ ಬೇರೆಯವರೆಲ್ಲ ಏನೇನೋ ಸಂಖ್ಯೆ ಹೇಳಿದರು. ನನ್ನ ಗಂಡ ಎದ್ದು ನಿಂತು, "ಯಾವ ಮರ ಸಾರ್?" ಎಂದರು. ಇಡೀ ಮಂಟಪ ನಕ್ಕಿತು. ಅವರು ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ತೇಗಕ್ಕೊಂದು ಹೊತ್ತು, ಹೊನ್ನೆಗೊಂದು ಹೊತ್ತು ಬೇಕೇ ಬೇಕು. ಆದರೆ ಮನೆಗೆ ಬಂದವರು ಟೋಪಿ ತೆಗೆದು ಗೂಟಕ್ಕೆ ಹಾಕಿ, ನೀರೂ ಕುಡಿಯದೆ ಕೂತರು.

"ದೇಶ ಎಲ್ಲೆಲ್ಲಿಗೋ ಓಯ್ತಾ ಅದೆ ಕಣೇ. ನಾವು ಇಂದೆ ಉಳ್ಕಂಡ್ವಿ."

"ದೇಶ ಎಲ್ಲಿಗೆ ಹೋಗುತ್ತಂತೆ? ಅಲ್ಲಿ ಹೋಗಿ ಮಲಗೋದಕ್ಕೆ ಮಂಚ ಬೇಡವಾ?" ಎಂದೆ. ಅವರು ನಗಲಿಲ್ಲ.

ಕೆಲವೇ ದಿನಗಳಲ್ಲಿ ಮೈಸೂರಿನ ಒಬ್ಬ ಕಂಟ್ರಾಕ್ಟರು ಬಂದರು. ಒಂದು ಕಾರ್ಖಾನೆಯ ಕೆಲಸಗಾರರ ವಸತಿಗೆ ಇನ್ನೂರು ಮಂಚ ಬೇಕು, ಕಾಫಿ ತೋಟದ ಅಗ್ಗದ ಸಿಲ್ವರ್ ಮರದ್ದಾದರೆ ಸಾಕು, ಅಲಂಕಾರ ಏನೂ ಬೇಡ, ರಂಜಾನ್ ಶುರುವಾಗುವುದರೊಳಗೆ ಮುಗಿಯಬೇಕು. ಇನ್ನೂರು! ನಮ್ಮ ಶೆಡ್ಡು ಹತ್ತು ವರ್ಷದಲ್ಲಿ ಮಾಡುವಷ್ಟು. ನಾನು ಬಾಗಿಲ ಸಂದಿಯಲ್ಲಿ ನಿಂತು ತಲೆ ಅಲ್ಲಾಡಿಸಿದೆ, ಅವರು ಹೂಂ ಎಂದರು. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರೆ. ನಮ್ಮವರು ಕಾಲು ಮೊದಲು ಚಾಚಿದರು. ಕಟಿಂಗ್ ಮಷಿನ್ ಬಂದದ್ದು ಹಾಗೆ.

ಮಾವ ಬೇಡ ಅನ್ನುತ್ತಾರೆ, ಹಳೆಯ ಕಾಲವೇ ಚೆನ್ನಾಗಿತ್ತು ಅನ್ನುತ್ತಾರೆ ಎಂದು ನಾನು ಆಸೆ ಇಟ್ಟುಕೊಂಡಿದ್ದೆ. ನನ್ನ ಲೆಕ್ಕ ಬುಡಮೇಲಾಯಿತು. ಎಂಬತ್ತರ ಹತ್ತಿರದ ಆ ಮನುಷ್ಯ ಮಷಿನ್ನಿನ ಎದುರು ಕುರ್ಚಿ ಹಾಕಿಸಿಕೊಂಡು, ಟಿವಿ ನೋಡುವ ಹಾಗೆ ದಿನವಿಡೀ ನೋಡುತ್ತಾ ಕೂತರು. "ನೋಡವ್ವಾ ಮಗಳೇ," ಎಂದರು, "ನಾನು ದಿಮ್ಮಿ ಮ್ಯಾಲೆ ನಿಂತ್ಕಂಡು, ನಮ್ಮಣ್ಣ ಗುಂಡಿ ಒಳಗೆ ನಿಂತ್ಕಂಡು ಗರಗಸ ಎಳ್ದಿದ್ದೀವಿ. ಮರದ್ ಒಟ್ಟೆಲ್ಲ ಅವ್ನ ಕಣ್ಣಿಗೆ. ನಲವತ್ತಕ್ಕೆಲ್ಲ ಅವ್ನಿಗೆ ಕಣ್ಣು ಮಂಜಾಯ್ತು. ಚೆಂದ ಏನಿರ್ಲಿಲ್ಲ ಬುಡು ಅದು." ಈಗಲೂ ಯಾರಾದರೂ ಯಂತ್ರಗಳನ್ನೇ ಬೈಯಲು ಶುರು ಮಾಡಿದರೆ ನನಗೆ ಗುಂಡಿಯೊಳಗಿನ ಆ ದೊಡ್ಡಮಾವನ ನೆನಪಾಗುತ್ತದೆ. ನನ್ನ ಹೆದರಿಕೆ ಇದ್ದದ್ದು ಮಷಿನ್ನಿನ ಮೇಲಲ್ಲ, ಇನ್ನೂರು ಎಂಬ ಸಂಖ್ಯೆಯ ಮೇಲೆ.

ಒಬ್ಬರೇ ಒಂದು ಮಂಚ ಮಾಡುವುದು ಇನ್ನು ಸಾಗುವಂತಿರಲಿಲ್ಲ. ಶಿಬಿರದಲ್ಲಿ ಕೇಳಿಕೊಂಡು ಬಂದಂತೆ ಕೆಲಸ ಹಂಚಿಕೊಂಡರು. ಕಂಪಲಾಪುರದ ಒಬ್ಬ ಕೆಲಸಗಾರ ಬಹಳ ವರ್ಷದಿಂದ ನಮ್ಮಲ್ಲಿದ್ದಾನೆ, ನನಗೆ ತಮ್ಮನ ಹಾಗೆ. ಅವನು ಉದ್ದನೆಯ ಪಟ್ಟಿಗಳನ್ನು ಮಾಡುವುದು, ಪಟ್ಟಿಯ ತುದಿಗೆ ನಾಲಗೆ ಬಿಡಿಸುವುದು. ನನ್ನ ಗಂಡ ಕಾಲುಗಳನ್ನು ಮಾಡುವುದು, ಆ ನಾಲಗೆ ಕೂರುವ ತೂತುಗಳನ್ನು ಕೊರೆಯುವುದು. ಪಟ್ಟಿಗಳ ರಾಶಿ ಒಂದು ಕಡೆ, ಕಾಲುಗಳ ರಾಶಿ ಇನ್ನೊಂದು ಕಡೆ ಬೆಳೆಯಿತು. ನೋಡಿದರೆ ನನಗೂ ಒಂದು ಕ್ಷಣ ಖುಷಿಯಾಗುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ತಪ್ಪು ಆಗಿದ್ದು ಅಲ್ಲಿಯೇ. ನಮ್ಮ ಕಡೆ ಬಡಗಿ ಕೆಲಸ ಕಲಿತವನು ಮರದ ಮೇಲೆ ಗೆರೆ ಎಳೆಯುವ ಗೇಜನ್ನು ತಾನೇ ಮಾಡಿಕೊಳ್ಳುತ್ತಾನೆ. ಒಂದು ಕಟ್ಟಿಗೆ, ಅದಕ್ಕೊಂದು ಮೊಳೆ, ಅದು ಎಳೆದ ಗೆರೆಯೇ ನಾಲಗೆಗೂ ತೂತಿಗೂ ಅಳತೆ. ತನ್ನ ಹೆಬ್ಬೆರಳಿನ ಅಗಲಕ್ಕೆ ಮೊಳೆಯನ್ನು ಹೊಂದಿಸಿ ಹೊಡೆದುಬಿಟ್ಟರೆ ಮತ್ತೆ ಜನ್ಮದಲ್ಲಿ ಅಲ್ಲಾಡಿಸುವುದಿಲ್ಲ. ಅದನ್ನು ಬೇರೆಯವರಿಗೆ ಕೊಡುವುದೂ ಇಲ್ಲ, ಬೇರೆಯವರದನ್ನು ಮುಟ್ಟುವುದೂ ಇಲ್ಲ. ಇನ್ನೊಬ್ಬರ ಹಲ್ಲುಜ್ಜುವ ಬ್ರಷ್ ಕೇಳಿದಂತೆ ಅದು. ಒಂದು ಮಂಚ ಒಬ್ಬನ ಕೈಯಲ್ಲೇ ಆಗುತ್ತಿದ್ದಾಗ ಯಾರ ಹೆಬ್ಬೆರಳು ಎಷ್ಟು ದಪ್ಪ ಎಂಬುದು ಲೆಕ್ಕಕ್ಕೇ ಬರುತ್ತಿರಲಿಲ್ಲ, ಅವನ ನಾಲಗೆಗೆ ಅವನದೇ ತೂತು. ಈಗ ಒಬ್ಬನ ನಾಲಗೆ ಇನ್ನೊಬ್ಬನ ತೂತಿಗೆ ಹೋಗಬೇಕಿತ್ತು. ಇಬ್ಬರಿಗೂ ಅದು ಹೊಳೆಯಲಿಲ್ಲ. ಇಬ್ಬರೂ ತಮ್ಮ ತಮ್ಮ ಗೇಜನ್ನು ನಂಬಿ, ಜೋಡಿಸಿಯೂ ನೋಡದೆ, ರಾಶಿ ಹಾಕುತ್ತಲೇ ಹೋದರು. ಜೋಡಿಸಿ ನೋಡಲು ಪುರುಸೊತ್ತೂ ಇರಲಿಲ್ಲ.

ಅಷ್ಟರಲ್ಲಿ ನಾನು ಇನ್ನೊಂದು ಕಂಡೆ. ಮಷಿನ್ನಿನ ಹಲ್ಲಿನ ಮೇಲೆ ಮುಚ್ಚಳದಂತೆ ಇದ್ದ ಗಾರ್ಡು ಗೋಡೆಗೆ ಒರಗಿ ನಿಂತಿತ್ತು. ಅದು ಇದ್ದರೆ ಸಣ್ಣ ಪಟ್ಟಿ ತಳ್ಳಲು ಅಡ್ಡ ಬರುತ್ತದೆ, ಹೊತ್ತು ಹಿಡಿಯುತ್ತದೆ ಎಂದರು ಗಂಡ. ನಾನು ಕೂಗಾಡಿದೆ. ಗಾರ್ಡು ಮತ್ತೆ ಹತ್ತಿತು. ಮರುದಿನ ಕಾಲೇಜಿನಿಂದ ಬಂದು ನೋಡಿದರೆ ಮತ್ತೆ ಗೋಡೆಗೆ. ಆಮೇಲೆ ನಾನು ಉತ್ತರಪತ್ರಿಕೆಗಳ ಕಟ್ಟು ಹಿಡಿದು ಶೆಡ್ಡಿನಲ್ಲೇ ಮಾವನ ಪಕ್ಕ ಕೂರಲು ಶುರು ಮಾಡಿದೆ. "ಏನ್ ಮೇಡಂ, ನಕಲು ಒಡೀತೀವಾ ಅಂತ ಕಾಯ್ತಾ ಇದ್ದೀರಾ?" ಎಂದು ಗಂಡ ಅಣಕಿಸಿದರು. ಅಣಕಿಸಲಿ. ನಾನು ಕೂತಿದ್ದಷ್ಟು ಹೊತ್ತು ಗಾರ್ಡು ಜಾಗದಲ್ಲಿರುತ್ತಿತ್ತು.

ಒಂದು ಭಾನುವಾರ ಅಡುಗೆಮನೆಯಲ್ಲಿದ್ದಾಗ ಮಷಿನ್ನಿನ ದನಿ ನಡುವೆಯೇ ಕುಗ್ಗಿ, ನರಳಿ, ನಿಂತುಹೋಯಿತು. ನಾನು ಓಡಿದ ಓಟಕ್ಕೆ ಹಾಲಿನ ಪಾತ್ರೆ ಉರುಳಿತು. ನೋಡಿದರೆ ಮಾವನೂ ಸೇರಿ ಮೂವರೂ ಬೀಡಿ ಹಚ್ಚಿಕೊಳ್ಳುತ್ತಿದ್ದರು. "ಕರೆಂಟ್ ಓಯ್ತು ಕಣಕ್ಕೋ," ಎಂದ ಕಂಪಲಾಪುರದವನು. ನಾನು ಬಾಗಿಲಿನ ಚೌಕಟ್ಟು ಹಿಡಿದು ಕೂತುಬಿಟ್ಟೆ. ಮೂವರೂ ನಕ್ಕರು. ಗಂಡ ಬಂದು ಎರಡೂ ಕೈ ಬಿಡಿಸಿ ತೋರಿಸಿದರು.

ಮೊದಲ ಕಂತಿನ ಮಂಚಗಳು ನಸುಕಿನಲ್ಲೇ ಲಾರಿಯಲ್ಲಿ ಹೋದ ದಿನ ಕಂಟ್ರಾಕ್ಟರು, "ನೀವು ಬರೋದು ಬೇಡ, ನಮ್ಮ ಹುಡುಗರು ಜೋಡಿಸ್ತಾರೆ," ಎಂದಿದ್ದರು. ಆದರೂ ನನ್ನ ಗಂಡ ಉಳಿ, ಕೊಡತಿ ಚೀಲಕ್ಕೆ ಹಾಕಿಕೊಂಡು ಲಾರಿ ಹತ್ತಿದರು. ಮಾಡಿದವನು ಜೋಡಿಸಿಕೊಡದೆ ಹೇಗೆ? ಸಂಜೆ ಬಂದವರು ಹೆಗಲ ಚೀಲವನ್ನೂ ಇಳಿಸದೆ ಕೂತರು. ನನಗೆ ಆ ದಿನದ ಕಥೆ ತುಂಡು ತುಂಡಾಗಿ ಸಿಕ್ಕಿತು.

ವಸತಿಯ ದೊಡ್ಡ ಹಾಲಿನಲ್ಲಿ ಅವರು ಮೊದಲ ಮಂಚ ಜೋಡಿಸಿ ಕೈ ಊರಿದರೆ ಅದು ತೂಗಾಡಿತು. ಎರಡನೆಯದೂ ತೂಗಾಡಿತು. ನಾಲಗೆ ತೂತಿನೊಳಗೆ ಸಡಿಲವಾಗಿತ್ತು, ಒಂದು ಕೂದಲೆಳೆಯಷ್ಟು, ಎಲ್ಲದರಲ್ಲೂ ಒಂದೇ ಅಳತೆಯಲ್ಲಿ. ಆಗ ಅವರಿಗೆ ಗೇಜಿನ ವಿಷಯ ತಲೆಗೆ ಹೋಯಿತು. ಅಷ್ಟರಲ್ಲಿ ರಾತ್ರಿಪಾಳಿ ಮುಗಿಸಿದ ಕೆಲಸಗಾರರು ದಿಂಬು, ಹೊದಿಕೆ ಕಂಕುಳಲ್ಲಿ ಇಟ್ಟುಕೊಂಡು ಬಂದು ಗೋಡೆಗುಂಟ ನಿಂತರು. ಯಾರೂ ಬೈಯಲಿಲ್ಲ. ಯಾವ ಯಾವ ಊರಿನ ಹುಡುಗರೋ, ಅರ್ಧದಷ್ಟು ಜನಕ್ಕೆ ಕನ್ನಡವೂ ಬರುತ್ತಿರಲಿಲ್ಲ. ನಿಂತಲ್ಲೇ ಕಣ್ಣು ಮುಚ್ಚುತ್ತಿದ್ದರು. ಇವರು ಕೊಡತಿ ಹಿಡಿದು ಒಂದರಿಂದ ಇನ್ನೊಂದಕ್ಕೆ ಓಡಾಡಿ, ಕೊನೆಗೆ ಕೈಚೆಲ್ಲಿ, "ಒಂದೆರಡು ದಿನ ಕೊಡಿ," ಎಂದರಂತೆ. ಆ ಹುಡುಗರು ಮಂಚಗಳ ನಡುವೆ ನೆಲಕ್ಕೆ ಚಾಪೆ ಹಾಸಿ ಮಲಗಿದರು.

"ಇನ್ನೂರು ಮಂಚ ಅಂದ್ರೆ ಇನ್ನೂರು ಜನ ಅಂದ್ಕಂಡಿದ್ದೆ," ಎಂದರು ಗಂಡ. "ಆರ್ನೂರು ಜನ ಕಣೇ. ಒಂದು ಮಂಚಕ್ಕೆ ಮೂರ್ ಪಾಳಿ. ಒಬ್ಬ ಎದ್ರೆ ಇನ್ನೊಬ್ಬ. ಆ ಮಂಚದ ಬಿಸಿ ಆರೋದೇ ಇಲ್ಲ."

"ಊಟ?"

"ವಾಚ್‌ಮನ್ನು ಲಾರಿ ಬೇಗ ತೆಗೀರಿ ಅಂದ."

ನಾನು ಪಾಠ ಮಾಡುವ ಪುಸ್ತಕದ ಪ್ರಕಾರ ಅದು ಅತ್ಯುತ್ತಮ ಮಂಚ. ಬಂಡವಾಳ ಒಂದು ಗಳಿಗೆಯೂ ಖಾಲಿ ಕೂತಿಲ್ಲ. ಚುಂಚನಕಟ್ಟೆಯ ಮಂಚ ಹಗಲೆಲ್ಲ ಸೋಮಾರಿಯಾಗಿ ನಿಂತಿರುತ್ತದೆ. ಇದನ್ನು ಯೋಚಿಸುತ್ತಾ ನಾನು ಅನ್ನ ಬಡಿಸಿದೆ, ಅವರು ಎರಡು ತುತ್ತು ತಿಂದು ಎದ್ದರು. ದುಡ್ಡಿನ ಆಸೆಗೆ ಓಡಿದ ಮನುಷ್ಯನನ್ನಾದರೆ ನಾನು ಹಿಡಿದು ನಿಲ್ಲಿಸಬಹುದಿತ್ತು. ಈಗ ಅವರನ್ನು ಓಡಿಸುತ್ತಿದ್ದದ್ದು ನಾಚಿಕೆ. ತಾನು ಮಾಡಿದ ಮಂಚದ ಪಕ್ಕ ಜನ ನೆಲದಲ್ಲಿ ಮಲಗಿದ್ದಾರೆ ಎಂಬುದು ಅವರಿಗೆ ಸಹಿಸಲಾಗಲಿಲ್ಲ.

ಸಡಿಲವಾದ ನಾಲಗೆಗಳಿಗೆಲ್ಲ ಹಾಳೆಯಂಥ ತೆಳು ಚಕ್ಕೆ ಅಂಟಿಸಿ ದಪ್ಪ ಮಾಡಬೇಕಿತ್ತು. ಸಾವಿರಾರು ಚಕ್ಕೆ. ಅಷ್ಟು ತೆಳುವಾದದ್ದನ್ನು ಸೀಳಬೇಕಾದರೆ ಬೆರಳು ಹಲ್ಲಿನ ಹತ್ತಿರವೇ ಹೋಗಬೇಕು, ಗಾರ್ಡು ಇದ್ದರೆ ಆಗುವುದೇ ಇಲ್ಲ. ಮರುದಿನ ಕಾಲೇಜಿಗೆ ರಜೆ ಹಾಕಿ ಮನೆಯಲ್ಲೇ ಉಳಿದೆ. ಶೆಡ್ಡಿನಲ್ಲಿ ಕೂರಲು ಹೋದರೆ, "ನೀನು ಅಲ್ಲಿ ಕೂತ್ರೆ ನನ್ನ ಕೈ ನಡುಗ್ತದೆ. ದಮ್ಮಯ್ಯ, ಒಳಗಿರು," ಎಂದರು. ಒಳಗೆ ಬಂದೆ.

ಕಿವಿ ಮಾತ್ರ ಗೋಡೆಗೇ ಅಂಟಿಸಿದ್ದೆ. ದಪ್ಪ, ಕೀಚಲು, ದಪ್ಪ, ಕೀಚಲು. ಬೆಳಗಿನಿಂದ ಒಂದು ಸಲವೂ ಲಯ ತಪ್ಪಲಿಲ್ಲ. ನಾನು ನಿಧಾನವಾಗಿ ಧೈರ್ಯ ತಂದುಕೊಂಡು ಬೇಳೆ ತೊಳೆಯಲು ಕೂತೆ. ಆಗ ಕಂಪಲಾಪುರದವನು, "ಅಕ್ಕೋ!" ಎಂದು ಕೂಗಿದ. ಮಷಿನ್ನು ಆಗಲೂ ಅದೇ ದನಿಯಲ್ಲಿ ತಿರುಗುತ್ತಲೇ ಇತ್ತು. ಇಷ್ಟು ದಿನ ನಾನು ಕಿವಿಗೊಟ್ಟು ಕಾದದ್ದೆಲ್ಲ ವ್ಯರ್ಥ. ಬೆರಳು ಹೋದದ್ದಕ್ಕೆ ಸದ್ದೇ ಬರಲಿಲ್ಲ. ಸಿಲ್ವರ್ ಮರಕ್ಕೂ ನನ್ನ ಗಂಡನ ಕೈಗೂ ಅದಕ್ಕೆ ವ್ಯತ್ಯಾಸ ಗೊತ್ತಾಗಲಿಲ್ಲ.

ಎಡಗೈಯ ತೋರುಬೆರಳು, ನಡುಬೆರಳು, ಎರಡರ ತುದಿ ಹೋದವು. ಟವೆಲ್ ಸುತ್ತಿ ಕಾರಿನಲ್ಲಿ ಮೈಸೂರಿಗೆ ಕರೆದೊಯ್ಯುವಾಗ ದಾರಿಯುದ್ದಕ್ಕೂ ಅವರು, "ಚಕ್ಕೆ ಎಷ್ಟಾಗಿದ್ವು ನೋಡ್ದಾ?" ಎಂದು ಕೇಳುತ್ತಲೇ ಇದ್ದರು. ನನಗೆ ಅವರನ್ನು ತಬ್ಬಿಕೊಳ್ಳಬೇಕು ಅನ್ನಿಸಿತು, ಕಪಾಳಕ್ಕೆ ಬಿಗಿಯಬೇಕು ಅಂತಲೂ ಅನ್ನಿಸಿತು. ಆಸ್ಪತ್ರೆಯಲ್ಲಿ ಹೊಲಿದು ಕಟ್ಟಿದರು. ಕಂಟ್ರಾಕ್ಟರು ಹಣ್ಣು ಹಿಡಿದು ನೋಡಲು ಬಂದರು. ಕೆಟ್ಟ ಮನುಷ್ಯರಲ್ಲ, ಅವರ ಕಣ್ಣಲ್ಲಿ ನೀರಿತ್ತು. ಹೋಗುವಾಗ, "ಉಳಿದಿದ್ದಕ್ಕೆ ನಮ್ಮ ಹುಡುಗ್ರು ಕಬ್ಬಿಣದ ಪಟ್ಟಿ ಬಡಿದು ಬಿಗಿ ಮಾಡ್ತಾರೆ ಬಿಡಿ, ತಲೆ ಕೆಡಿಸ್ಕೊಬೇಡಿ," ಎಂದರು. ಅಷ್ಟು ಸುಲಭವಿತ್ತು. ಒಂದು ಕಬ್ಬಿಣದ ಪಟ್ಟಿ.

ಅವರು ಮಲಗಿದ್ದಾಗ ವಾರ್ಡಿನ ಸ್ಟೂಲಿನ ಮೇಲೆ ಕೂತು ನನ್ನ ಹಾಳು ತಲೆ ಅದರ ಪಾಡಿಗೆ ಪಾಠ ಮಾಡುತ್ತಿತ್ತು. ಆಸ್ಪತ್ರೆಯ ಬಿಲ್ಲು ಉತ್ಪನ್ನಕ್ಕೆ ಸೇರುತ್ತದೆ. ಔಷಧಿ ಸೇರುತ್ತದೆ. ಕಾರಿನ ಬಾಡಿಗೆ, ಕಬ್ಬಿಣದ ಪಟ್ಟಿ, ಕಿತ್ತಳೆ ಹಣ್ಣು, ಎಲ್ಲವೂ ಸೇರುತ್ತವೆ. ನಮ್ಮ ಶೆಡ್ಡು ಅಷ್ಟು ವರ್ಷ ಸುಮ್ಮನೆ ಮಂಚ ಮಾಡುತ್ತಿದ್ದಾಗಿನದಕ್ಕಿಂತ ಈ ಒಂದು ವಾರದಲ್ಲಿ ದೇಶ ಹೆಚ್ಚು ಬೆಳೆದಿದೆ. ಇದರಲ್ಲಿ ಹೋದದ್ದನ್ನು ಕಳೆಯುವ ಕಾಲಂ ಮಾತ್ರ ಎಲ್ಲೂ ಇಲ್ಲ. ಯಂತ್ರ ಸವೆದರೆ ಸವಕಳಿ ಎಂದು ಕಳೆಯುತ್ತೇವೆ, ಅದನ್ನು ನಾನೇ ಬೋರ್ಡಿನ ಮೇಲೆ ಬರೆದು ತೋರಿಸುತ್ತೇನೆ. ಬೆರಳಿಗೆ ಸವಕಳಿ ಇಲ್ಲ. ಸಿಟ್ಟಿಗೆ ಹಲ್ಲು ಕಡಿಯುತ್ತಿದ್ದೆ, ಆದರೆ ಯಾರ ಮೇಲೆ ಎಂದು ಕೇಳಿದರೆ ಹೇಳಲಾರೆ.

ಕಾಲೇಜಿಗೆ ಮರಳಿದ ದಿನ ಪಾಠ ಆರ್ಥಿಕ ಬೆಳವಣಿಗೆ ಮತ್ತು ಅಭಿವೃದ್ಧಿಯ ವ್ಯತ್ಯಾಸ. ಎಂದಿನಂತೆ ಎರಡು ಕಾಲಂ ಹಾಕಿ ಬರೆಸಿದೆ. ಕೊನೆಯ ಬೆಂಚಿನ ಒಬ್ಬ ಹುಡುಗಿ, ಎಚ್.ಡಿ. ಕೋಟೆ ಕಡೆಯವಳು, "ಮೇಡಂ, ಎಷ್ಟು ಬೆಳೆದ್ರೆ ಸಾಕು ಅಂತ ಯಾರ್ ಹೇಳ್ತಾರೆ?" ಎಂದು ಕೇಳಿದಳು. ಸಿಲಬಸ್ಸಿನಲ್ಲಿ ಅದು ಇಲ್ಲ ಎಂದೆ. ಆಮೇಲೆ ಬಸ್ಸಿನಲ್ಲಿ ಕೂತು, ಹೊಗೆಸೊಪ್ಪಿನ ಹೊಲಗಳನ್ನು ನೋಡುತ್ತಾ ಯೋಚಿಸಿದೆ. ನಿಜಕ್ಕೂ ಎಲ್ಲೂ ಇಲ್ಲ. ಹೆಚ್ಚು ಎನ್ನುವುದಕ್ಕೆ ಅಳತೆ ಇದೆ, ಕಡಿಮೆ ಎನ್ನುವುದಕ್ಕೆ ಇದೆ. ಸಾಕು ಎನ್ನುವುದಕ್ಕೆ ಇಲ್ಲ. ಮಾವನಿಗೆ ಮಷಿನ್ ಬೇಕಿತ್ತು, ಅದು ತಪ್ಪಲ್ಲ. ಇನ್ನೂರು ಬೇಡವಿತ್ತು. ಇಪ್ಪತ್ತಾಗಿದ್ದರೆ? ನಲವತ್ತು? ಯಾವ ಸಂಖ್ಯೆಯಲ್ಲಿ ನಾವು ಜೋಡಿಸಿ ನೋಡುವುದನ್ನು ಬಿಟ್ಟೆವು ಎಂದು ನನಗೆ ಗೊತ್ತಿಲ್ಲ.

ಗಾಯ ಮಾಯಿತು. ತಿಂಗಳುಗಳು ಕಳೆದವು. ಕಂಟ್ರಾಕ್ಟರು ಮತ್ತೆ ಬಂದರು, ಇನ್ನೂ ದೊಡ್ಡ ಕೆಲಸ ಹಿಡಿದು. ಈ ಸಲ ಎಲ್ಲ ಮಷಿನ್ನಿನದೇ ಕೆಲಸ, ಅಳತೆಗೂ ಮಷಿನ್ನೇ, ನೀವು ನಿಂತು ನೋಡಿಕೊಂಡರೆ ಸಾಕು ಎಂದರು. ನನ್ನ ಗಂಡ ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ. ಅದೇ ಸಮಯಕ್ಕೆ ಕೆ.ಆರ್. ನಗರದಿಂದ ಒಂದು ಮದುವೆ ಮಂಚದ ಕೆಲಸವೂ ಬಂದಿತ್ತು. ಅದನ್ನು ಮಾತ್ರ ಯಾರನ್ನೂ ಕೇಳದೆ ಒಪ್ಪಿಕೊಂಡು, ಮಷಿನ್ ಮುಟ್ಟದೆ, ಒಬ್ಬರೇ ಶುರು ಮಾಡಿದರು.

ಮೊನ್ನೆ ಮಧ್ಯಾಹ್ನ ಶೆಡ್ಡಿನಿಂದ ನನ್ನನ್ನು ಕರೆದರು. ಮಾವ ಕುರ್ಚಿಯಲ್ಲಿ ತೂಕಡಿಸುತ್ತಿದ್ದರು. ಗಂಡ ಮಂಚದ ತಲೆಭಾಗದ ಎರಡು ಹಲಗೆ ಸೇರಿಸಿ, ಕೀಸಿ, ಮುಂದಿಟ್ಟುಕೊಂಡು ಕೂತಿದ್ದರು. ಹೀಗೆ ಸೇರಿಸಿ ಕೀಸಿದ ಮೇಲೆ ಬಡಗಿ ಕಣ್ಣು ಮುಚ್ಚಿ, ಸಂದಿನ ಮೇಲೆ ಬೆರಳ ತುದಿ ಆಡಿಸುತ್ತಾನೆ. ಒಂದು ಹಲಗೆ ಇನ್ನೊಂದಕ್ಕಿಂತ ಕೂದಲೆಳೆ ಎದ್ದಿದ್ದರೂ ಬೆರಳು ಹೇಳಿಬಿಡುತ್ತದೆ, ಪಾಲಿಶ್ ಬೀಳುವ ತನಕ ಕಣ್ಣಿಗೆ ಅದು ಕಾಣುವುದಿಲ್ಲ. ಎಡಗೈಯ ಆ ಎರಡೇ ಬೆರಳಿಗೆ ಆ ಕೆಲಸ. ಬಲಗೈ ಉಳಿ ಹಿಡಿದು ಹಿಡಿದು ದಡ್ಡುಗಟ್ಟಿರುತ್ತದೆ. ಅವರು ಬಲಗೈ ಆಡಿಸಿ ನೋಡಿದ್ದರು, ಕಿರುಬೆರಳು ಆಡಿಸಿ ನೋಡಿದ್ದರು. ನಿದ್ದೆಯಿಂದ ಎಬ್ಬಿಸಿ ಮಾವನ ಕೈಯಲ್ಲೂ ಮುಟ್ಟಿಸಿದ್ದರು. ಅವರ ಚರ್ಮಕ್ಕೂ ಈಗ ಏನೂ ತಿಳಿಯುವುದಿಲ್ಲ. ಕಂಪಲಾಪುರದವನು ಊರಿಗೆ ಹೋಗಿದ್ದ.

"ನಿನ್ ಬೆರಳು ಮೆತ್ತಗವೆ," ಎಂದರು. "ಕಣ್ಮುಚ್ಕೊಂಡು ಇಲ್ಲಿಂದ ಅಲ್ಲಿಗೆ ಎಳಿ. ಮೆಟ್ಲು ಸಿಕ್ತದಾ ಹೇಳು."

"ಸಿಕ್ಕಿದರೆ?"

"ಸಿಕ್ಕಿದ್ರೆ ಇನ್ನು ಈ ಕೆಲ್ಸ ನನ್ ಕೈಲಾಗಲ್ಲ ಅಂತ ಅರ್ಥ. ನಾಳೆ ಕಂಟ್ರಾಕ್ಟರ್ರಿಗೆ ಹೂಂ ಅಂತೀನಿ. ಮಷಿನ್ ಕೆಲ್ಸಕ್ಕೆ ಬೆರಳು ಬೇಕಿಲ್ಲ."

ಸರಿಯಾಗಿದೆ ಎಂದು ಬಿಡೋಣ ಅನ್ನಿಸಿತು. ಆ ಮಷಿನ್ನಿನ ಮುಂದೆ ಅವರು ಮತ್ತೆ ನಿಲ್ಲದೇ ಇರಲಿ, ಅಷ್ಟೇ ನನಗೆ ಬೇಕಾದದ್ದು. ಆದರೆ ಸುಳ್ಳು ಹೇಳಿದರೆ ಆ ಮಂಚ ಕೆ.ಆರ್. ನಗರದ ಯಾರದೋ ಮಗಳ ಮನೆಗೆ ಹೋಗುತ್ತದೆ, ಇವರೇ ಹೋಗಿ ಜೋಡಿಸುತ್ತಾರೆ, ಪಾಲಿಶ್ ಆದ ಮೇಲೆ ಬೆಳಕಿನಲ್ಲಿ ಇವರೇ ನೋಡುತ್ತಾರೆ. ಕಣ್ಣು ಮುಚ್ಚಿ ಬೆರಳಿಟ್ಟೆ. ಹಲಗೆ ತಣ್ಣಗಿತ್ತು. ನಿಧಾನವಾಗಿ ಈ ತುದಿಯಿಂದ ಆ ತುದಿಗೆ ಎಳೆದೆ. ಏನೂ ಸಿಗಲಿಲ್ಲ. ಮತ್ತೆ ಎಳೆದೆ. ಸಂದು ಸರಿಯಾಗಿ ಕೂತಿರುವುದರಿಂದ ಸಿಗಲಿಲ್ಲವೋ, ಸೀಮೆಸುಣ್ಣ ಹಿಡಿದ ನನ್ನ ಬೆರಳಿಗೆ ಇದು ಗೊತ್ತೇ ಆಗುವುದಿಲ್ಲವೋ, ಹೇಗೆ ಹೇಳಲಿ? ಕಣ್ಣು ಬಿಟ್ಟರೆ ಅವರು ಹಲಗೆಯನ್ನು ನೋಡುತ್ತಿರಲಿಲ್ಲ, ನನ್ನ ಮುಖವನ್ನೇ ನೋಡುತ್ತಿದ್ದರು.

"ಗೊತ್ತಾಗ್ತಿಲ್ಲ ರೀ," ಎಂದೆ.

ಅವರು ನನ್ನ ಕೈ ಹಿಡಿದು ಮತ್ತೆ ಸಂದಿನ ಮೇಲಿಟ್ಟರು. "ಇನ್ನೊಂದ್ ಸಲ ನೋಡು," ಎಂದರು.